ಹೊಳೆ ದಾಟದವರ ಲೆಕ್ಕ

ನನಗೆ ಅರ್ಥಶಾಸ್ತ್ರ ಕಲಿಸಿದವರು ಮುಂದೆ ರಾಜ್ಯದ ಮಂತ್ರಿಯಾದರು. ಇದನ್ನು ನಾನು ಎಷ್ಟು ಸಲ, ಎಷ್ಟು ಜನರ ಮುಂದೆ ಹೇಳಿಕೊಂಡಿದ್ದೇನೆಂದರೆ, ನಾನು ಶುರು ಮಾಡಿದರೆ ನನ್ನ ಮಕ್ಕಳು ಮೆಲ್ಲಗೆ ಎದ್ದು ಹೋಗುತ್ತಾರೆ. ಹೋಗಲಿ. ಹೆಮ್ಮೆಪಡಲು ಸಿಕ್ಕ ಕಾರಣವನ್ನು ಸುಮ್ಮನೆ ಬಿಟ್ಟುಕೊಡುವ ಹೆಂಗಸು ನಾನಲ್ಲ. ಅವರ ಕಾರನ್ನು, ಹಿಂದೆ ಮುಂದೆ ಓಡುವ ಪೊಲೀಸರನ್ನು ಊರೆಲ್ಲ ನೋಡಿದೆ. ನಾನು ನೋಡಿದ ಕೆಲವು ಸಂಗತಿಗಳನ್ನು ನೋಡಿದವರು ಕಡಿಮೆ. ಅದಕ್ಕೇ ಬರೆಯುತ್ತಿದ್ದೇನೆ.

ಎಪ್ಪತ್ತರ ದಶಕದ ನಡುವೆ ನಾನು ಪುತ್ತೂರಿನ ಕಾಲೇಜಿಗೆ ಬಿ.ಎ. ಸೇರಿದೆ. ನನ್ನ ತಂದೆ ಬಾಪನಿಗೆ ಕುಂಬ್ರದ ಜಂಕ್ಷನ್ನಿನಲ್ಲಿ ದಿನಸಿ ಅಂಗಡಿ ಇತ್ತು. ನಮ್ಮ ಬ್ಯಾರಿ ಮುಸ್ಲಿಮರ ಮನೆಗಳಲ್ಲಿ ಆಗ ಹುಡುಗಿಯೊಬ್ಬಳು ಏಳನೆಯ ತರಗತಿ ಮುಗಿಸಿದರೆ ಅದೇ ದೊಡ್ಡದು. ದುಬೈಯಲ್ಲಿದ್ದ ನನ್ನ ಸೋದರಮಾವ ಪತ್ರದ ಮೇಲೆ ಪತ್ರ ಬರೆದು, ಅವಳನ್ನು ಓದಿಸಿ, ಇಲ್ಲಿ ಓದಿಲ್ಲದ ನಾವು ಪಡುವ ಪಾಡು ಸಾಕು ಎಂದು ಬಾಪನ ಜೀವ ತಿಂದದ್ದರಿಂದ ನಾನು ಕಾಲೇಜಿನ ಮೆಟ್ಟಿಲು ಹತ್ತಿದೆ. ನಮ್ಮ ತರಗತಿಯಲ್ಲಿ ಹುಡುಗಿಯರು ನಾಲ್ಕೇ ಜನ. ತಲೆಗೆ ವಸ್ತ್ರ ಹಾಕಿಕೊಂಡವಳು ನಾನೊಬ್ಬಳೇ.

ಸರ್ ಆಗ ಮೂವತ್ತು ದಾಟಿದವರು ಅಷ್ಟೆ. ಬೆಟ್ಟಂಪಾಡಿಯ ಕಡೆಯ ದೊಡ್ಡ ಭೂಮಾಲೀಕರ ಸೋದರಳಿಯ; ಮಾವನಿಂದ ಅಳಿಯನಿಗೆ ಮನೆತನ ಬರುವ ಅಳಿಯ ಸಂತಾನದವರು. ಬೊಂಬಾಯಿಯಲ್ಲಿ ಅರ್ಥಶಾಸ್ತ್ರ ಓದಿ, ಅಲ್ಲಿ ಒಳ್ಳೆಯ ಕೆಲಸ ಸಿಕ್ಕಿದರೂ ಬಿಟ್ಟು ಬಂದಿದ್ದರು. ಸ್ವರ ಮೆದು. ಹಿಂದಿನ ಬೆಂಚಿಗೆ ಕೇಳುತ್ತಿರಲಿಲ್ಲ. ಮಳೆ ಜೋರಾದರೆ ಮುಂದಿನ ಬೆಂಚಿಗೂ ಕೇಳುತ್ತಿರಲಿಲ್ಲ.

ಮೊದಲ ವರ್ಷದ ಜುಲೈ ತಿಂಗಳ ಒಂದು ಬೆಳಿಗ್ಗೆ ಅವರು ಹಾಜರಿ ಕರೆದು ಪುಸ್ತಕ ಮುಚ್ಚಿಟ್ಟರು.

"ಇವತ್ತು ಹನ್ನೊಂದು ಜನ ಇಲ್ಲ. ಎಂತಕ್ಕೆ?"

"ಟಾಕೀಸಿನಲ್ಲಿ ಹೊಸ ಪಿಕ್ಚರ್ ಸರ್," ಅಂದ ಒಬ್ಬ. ಎಲ್ಲರೂ ನಕ್ಕರು.

ಅಲ್ಲಿಯವರೆಗೆ ತರಗತಿಯಲ್ಲಿ ಬಾಯಿ ಬಿಡದಿದ್ದ ನಾನು ಅದು ಹೇಗೋ ಎದ್ದು ನಿಂತೆ. "ಹೊಳೆ ಬಂದಿರ್ಬೇಕು ಸರ್. ನನ್ನ ಚಿಕ್ಕಮ್ಮನ ಮನೆ ಕಡಬದಿಂದ ಆಚೆ. ಹೊಳೆ ತುಂಬಿದರೆ ಅಲ್ಲಿಯವರಿಗೆ ಶಾಲೆಯೂ ಇಲ್ಲ, ಆಸ್ಪತ್ರೆಯೂ ಇಲ್ಲ."

"ವರ್ಷಕ್ಕೆ ಎಷ್ಟು ದಿನ ಹಾಗೆ?"

"ಗೊತ್ತಿಲ್ಲ ಸರ್."

"ಎಷ್ಟು ಜನರಿಗೆ?"

"ಅದೂ ಗೊತ್ತಿಲ್ಲ."

ಬೈಯುತ್ತಾರೆ ಅಂದುಕೊಂಡೆ. ಅವರು ಕಿಟಕಿಯ ಹತ್ತಿರ ಹೋದರು. "ನನಗೂ ಗೊತ್ತಿಲ್ಲ. ಸರಕಾರಕ್ಕೂ ಗೊತ್ತಿಲ್ಲ. ಗೊತ್ತಿಲ್ಲದೆಯೇ ನಾವು ಇಲ್ಲಿ ಅಭಿವೃದ್ಧಿಯ ಪಾಠ ಮಾಡುತ್ತ ಇದ್ದೇವೆ," ಅಂದರು. ಆ ದಿನ ಮತ್ತೆ ಪಾಠವಾಗಲಿಲ್ಲ.

ಮರುವರ್ಷ ಮಳೆಗಾಲಕ್ಕೆ ಮುಂಚೆ ಅವರು ಒಂದು ಸಮೀಕ್ಷೆಯ ಯೋಜನೆ ಹಾಕಿದರು. ಪುತ್ತೂರು, ಸುಳ್ಯ, ಕಡಬದ ಕಡೆಯ ಹತ್ತು ಕಡವುಗಳನ್ನು ಆರಿಸಿದರು. ಕಡವು ಅಂದರೆ ದೋಣಿಯಲ್ಲೋ ಅಡಿಕೆಮರ ಅಡ್ಡ ಹಾಸಿದ ಸಂಕದ ಮೇಲೋ ಜನ ಹೊಳೆ ದಾಟುವ ಜಾಗ. ಒಂದೊಂದು ಕಡವಿನಲ್ಲಿ ಒಬ್ಬೊಬ್ಬ ವಿದ್ಯಾರ್ಥಿ ಬೆಳಿಗ್ಗೆಯಿಂದ ಸಂಜೆಯವರೆಗೆ ಕುಳಿತು, ಎಷ್ಟು ಜನ ದಾಟಿದರು, ಎಲ್ಲಿಗೆ, ಎಂತಕ್ಕೆ ಎಂದು ಬರೆದುಕೊಳ್ಳಬೇಕು. ಎರಡು ವಾರ. ಚಿಕ್ಕಮ್ಮನ ಊರಿನ ಕಡವಿಗೆ ನನ್ನ ಹೆಸರು ಬಂತು.

ಬಾಪ ಒಪ್ಪಲಿಲ್ಲ. ಹೊಳೆಯ ದಡದಲ್ಲಿ ಹುಡುಗಿ ಕುಳಿತು ಹೋಗುವವರನ್ನು ಬರುವವರನ್ನು ನೋಡುವುದು ಎಂಥ ಓದು ಎಂದು ಅವರ ಪ್ರಶ್ನೆ. ನಾನು ಅತ್ತೆ. ಕಾಲೇಜಿನಲ್ಲಿ ಆಗುವುದಿಲ್ಲ ಅಂದುಬಿಟ್ಟೆ. ಆ ವಾರದ ಕೊನೆಯಲ್ಲಿ ಸರ್ ಬಸ್ಸಿನಲ್ಲಿ ಕುಂಬ್ರಕ್ಕೆ ಬಂದು ನಮ್ಮ ಅಂಗಡಿಯ ಮುಂದೆ ಇಳಿದರು. ಅಷ್ಟು ದೊಡ್ಡ ಮನೆಯವರು ಅಂಗಡಿಯ ಬೆಂಚಿನಲ್ಲಿ ಕುಳಿತದ್ದು ನೋಡಿ ಬಾಪನಿಗೆ ಕೈಕಾಲು ಆಡಲಿಲ್ಲ.

"ಬ್ಯಾರಿಗಳೇ, ನಿಮ್ಮ ಮಗಳು ತರಗತಿಯಲ್ಲಿ ಎದ್ದು ಹೇಳಿದ ಮಾತಿನಿಂದಲೇ ಈ ಕೆಲಸ ಶುರುವಾದದ್ದು. ಅವಳೇ ಇಲ್ಲದಿದ್ದರೆ ಹೇಗೆ?" ಅಂದರು ಸರ್.

"ಅವಳು ಎದ್ದು ಮಾತಾಡಿದಳಾ?" ಬಾಪನಿಗೆ ನಂಬಿಕೆಯೇ ಬರಲಿಲ್ಲ. "ಅಲ್ಲ ಮಾಸ್ಟ್ರೇ, ಹೆಣ್ಣು ಮಕ್ಕಳನ್ನು ಹೀಗೆ ಒಬ್ಬೊಬ್ಬರನ್ನೇ ಕಳಿಸುದು ಹೇಗೆ? ನೀವೇ ಹೇಳಿ."

ಅಂಗಡಿಯ ಹಿಂದಿನ ಬಾಗಿಲಲ್ಲಿ ನಿಂತು ಕೇಳುತ್ತಿದ್ದ ಉಮ್ಮ ಅಲ್ಲಿಂದಲೇ ಹೇಳಿದರು: "ಒಬ್ಬಳೇ ಎಂತಕ್ಕೆ? ನಾನು ಹೋಗ್ತೇನೆ. ನನ್ನ ತಂಗಿಯ ಮನೆ ಅಲ್ವಾ? ನಾನು ಅಲ್ಲಿಗೆ ಹೋಗದೆ ಎರಡು ವರ್ಷ ಆಯ್ತು."

ಹೀಗೆ ನನ್ನ ಜೊತೆಗಾರ್ತಿಯಾಗಿ ಹೊಳೆಯ ದಡಕ್ಕೆ ಬಂದವರು ಉಮ್ಮ.

ನಾವು ಕಡವಿನ ಮೇಲಿನ ಕಟ್ಟೆಯಲ್ಲಿ, ಮರದ ಬುಡದಲ್ಲಿ, ಒಂದು ದೊಡ್ಡ ಕೊಡೆಯ ಕೆಳಗೆ ಕುಳಿತೆವು. ಹೊಳೆ ಕೆಂಪಾಗಿತ್ತು. ದೋಣಿಯವ ಮಳೆ ನಿಂತಾಗ ಮಾತ್ರ ದೋಣಿ ಬಿಡುತ್ತಿದ್ದ. ನಾನು ಶ್ರದ್ಧೆಯಿಂದ ದಾಟಿದವರನ್ನೆಲ್ಲ ಬರೆದುಕೊಂಡೆ: ಗಂಡಸರು, ಹೆಂಗಸರು, ಮಕ್ಕಳು, ಪೇಟೆಗೆ, ಕೂಲಿಗೆ, ನೆಂಟರ ಮನೆಗೆ. ಎರಡನೆಯ ದಿನ ಉಮ್ಮ ನನ್ನ ಕಾಗದವನ್ನು ಇಣುಕಿ ನೋಡಿದರು. ಅವರಿಗೆ ಅರಬಿ ಅಕ್ಷರ ಓದಲು ಬರುತ್ತಿತ್ತು, ಕನ್ನಡ ಬರುತ್ತಿರಲಿಲ್ಲ.

"ಇದರಲ್ಲಿ ಯಾರ್ಯಾರೆಲ್ಲ ಇದ್ದಾರೆ?"

"ದಾಟಿದವರು."

"ಬಂದು ನೋಡಿ ವಾಪಸ್ ಹೋದವರು?"

"ಅವರು ದಾಟ್ಲಿಲ್ಲ ಅಲ್ವಾ ಉಮ್ಮ."

"ಅದೇ ಹೇಳುದು. ಕಷ್ಟ ಆದದ್ದು ಅವರಿಗಲ್ವಾ? ದಾಟಿದವನಿಗೆ ಎಂತ ಕಷ್ಟ? ಅವ ದಾಟಿದ."

ಮಾರನೆಯ ದಿನ ಉಮ್ಮ ಚಿಕ್ಕಮ್ಮನ ಅಡುಗೆಮನೆಯಿಂದ ಒಂದು ಹಿಡಿ ಹುಣಸೆಬೀಜ, ಒಂದು ಖಾಲಿ ಡಬ್ಬಿ ತಂದರು. ಯಾರಾದರೂ ಬಂದು, ನೀರು ನೋಡಿ, ಹಿಂತಿರುಗಿದರೆ ಡಬ್ಬಿಗೆ ಒಂದು ಬೀಜ. ಪುಸ್ತಕದ ಚೀಲ ತಲೆಯ ಮೇಲಿಟ್ಟುಕೊಂಡು ಬಂದು ಮರಳಿದ ಮಕ್ಕಳು, ಹಾಲಿನ ಪಾತ್ರೆಯ ಹೆಂಗಸು, ಜ್ವರದ ಮಗುವನ್ನು ಹೆಗಲಿಗೆ ಹಾಕಿಕೊಂಡ ತಂದೆ. ಒಬ್ಬಳು ತುಂಬು ಬಸುರಿ ತಾಯಿಯ ಕೈಹಿಡಿದು ಮೂರು ದಿನ ಬಂದಳು, ಮೂರು ದಿನವೂ ಮರಳಿದಳು. ನಾಲ್ಕನೆಯ ದಿನ ಬರಲಿಲ್ಲ. ಉಮ್ಮ ದೋಣಿಯವನನ್ನು ಕೇಳಿದರು. ಮನೆಯಲ್ಲೇ ಹೆರಿಗೆಯಾಯಿತು, ಮಗು ಉಳಿಯಲಿಲ್ಲ ಅಂದ. ಉಮ್ಮ ಆ ಮಧ್ಯಾಹ್ನ ಊಟ ಮಾಡಲಿಲ್ಲ. ಸಂಜೆಯವರೆಗೆ ಡಬ್ಬಿಯನ್ನೂ ಕೆಳಗಿಡಲಿಲ್ಲ.

ವಾರದ ಕೊನೆಗೆ ಸರ್ ನೋಡಲು ಬಂದರು. ಪ್ಯಾಂಟನ್ನು ಮೊಣಕಾಲಿನವರೆಗೆ ಮಡಚಿ, ಚಪ್ಪಲಿ ಕೈಯಲ್ಲಿ ಹಿಡಿದಿದ್ದರು. ನನ್ನ ಕಾಗದಗಳನ್ನು ನೋಡಿ ಒಳ್ಳೆಯದಾಗಿದೆ ಅಂದರು. ಆಮೇಲೆ ಡಬ್ಬಿ ಕಂಡು, "ಇದು ಎಂತದ್ದು?" ಎಂದು ಕೇಳಿದರು. ಉಮ್ಮ ಹೇಳಿದರು. ಸರ್ ಅಲ್ಲೇ ಒದ್ದೆ ನೆಲದಲ್ಲಿ ಕುಕ್ಕುರುಗಾಲಿನಲ್ಲಿ ಕುಳಿತು ಬೀಜಗಳನ್ನು ಕಟ್ಟೆಯ ಮೇಲೆ ಸುರಿದು ಎಣಿಸಿದರು. ಎರಡು ಸಲ ಎಣಿಸಿದರು.

"ಅಮ್ಮಾ, ನಾನು ಬೊಂಬಾಯಿಯಲ್ಲಿ ಐದು ವರ್ಷ ಓದಿದೆ. ನನಗೆ ಇದು ಹೊಳೆಯಲಿಲ್ಲ," ಅಂದರು.

ಉಮ್ಮ ನಾಚಿ ಮುಖ ಆಚೆ ತಿರುಗಿಸಿದರು. ಎರಡನೆಯ ವಾರಕ್ಕೆ ಎಲ್ಲ ಕಡವುಗಳಿಗೂ ಹೊಸ ಕಾಗದ ಹೋಯಿತು. ಅದರಲ್ಲಿ ಒಂದು ಕಾಲಮ್ ಹೆಚ್ಚು: ದಾಟದೆ ಮರಳಿದವರು.

ಸಮೀಕ್ಷೆ ಮುಗಿದ ಮೇಲೆ ಹತ್ತು ಕಡವುಗಳ ಅಂಕಿಗಳನ್ನು ಒಟ್ಟುಗೂಡಿಸುವ ಕೆಲಸವನ್ನು ಸರ್ ನನಗೆ ವಹಿಸಿದರು. ಒಂದು ತಿಂಗಳು ಸ್ಟಾಫ್ ರೂಮಿನ ಮೂಲೆಯಲ್ಲಿ ಕುಳಿತು ಕೂಡಿಸಿದೆ. ಪುತ್ತೂರಿನ ದರ್ಬೆಯ ಟೈಪಿಂಗ್ ಕ್ಲಾಸಿನಲ್ಲಿ ವರದಿ ಟೈಪಾಯಿತು. ಸೇತುವೆ ಎಲ್ಲಿಗೆ ಮೊದಲು ಬೇಕು ಎಂಬ ಪಟ್ಟಿಯಲ್ಲಿ ಮೊದಲನೆಯದು ಚಿಕ್ಕಮ್ಮನ ಊರಿನ ಕಡವು. ಸರ್ ಅವರ ಸ್ವಂತ ಊರಿನದ್ದು ನಾಲ್ಕನೆಯದು. ಮೊದಲ ಪುಟದ ಕೃತಜ್ಞತೆಯಲ್ಲಿ ಪ್ರಿನ್ಸಿಪಾಲರ ಹೆಸರಿಗಿಂತ ಮೇಲೆ ಉಮ್ಮನ ಹೆಸರಿತ್ತು. ಬಾಪ ಆ ಪುಟವನ್ನು ಅಂಗಡಿಗೆ ಬಂದವರಿಗೆಲ್ಲ ತೋರಿಸಿದರು. ಸರಕಾರದಿಂದ ಮಾತ್ರ ವರದಿ ತಲುಪಿದೆ ಎಂಬ ಒಂದು ಸಾಲು ಬಂತು, ಅಷ್ಟೆ.

ಆದರೆ ಆ ವರದಿಯನ್ನು ಯಾರೋ ಓದಿದ್ದರು. ಎರಡು ವರ್ಷದೊಳಗೆ ಸರ್ ಅವರನ್ನು ಬೆಂಗಳೂರಿಗೆ ಯೋಜನಾ ಇಲಾಖೆಯ ಸಲಹೆಗಾರರಾಗಿ ಕರೆದರು. ನಾನು ಎಂ.ಎ. ಮುಗಿಸಿ ಅದೇ ಕಾಲೇಜಿಗೆ ಉಪನ್ಯಾಸಕಿಯಾಗಿ ಸೇರಿದೆ. ನನ್ನ ಮದುವೆಯೂ ಆಯಿತು. ಎಂಬತ್ತರ ದಶಕ ಶುರುವಾಗಿ ಸ್ವಲ್ಪದರಲ್ಲಿ ಒಂದು ಪಕ್ಷದವರು ಸರ್ ಅವರನ್ನು ನಮ್ಮ ಕ್ಷೇತ್ರದಲ್ಲಿ ಚುನಾವಣೆಗೆ ನಿಲ್ಲಿಸಿದರು.

ಅವರ ಪ್ರಚಾರ ಭಾಷಣ ಕೇಳಿ ನನಗೆ ಕಸಿವಿಸಿ. ಜೀಪಿನ ಮೇಲೆ ನಿಂತು ತಲಾ ಆದಾಯ ಅಂದರೇನೆಂದು ವಿವರಿಸುತ್ತಿದ್ದರು. ಮೈಕ್ ಇದ್ದುದರಿಂದ ಸ್ವರ ಕೇಳಿತು ಎಂಬುದೊಂದೇ ಸಮಾಧಾನ. ಆದರೆ ಜನ ಅವರನ್ನು ನಂಬಿದರು. ಕುಂಬ್ರದಲ್ಲಿ ಒಬ್ಬ ಮುದುಕರು, "ಇವರು ಹೇಳಿದ್ದು ನನಗೆ ಎಂತದೂ ತಿಳಿಯಲಿಲ್ಲ ಮಾರಾಯ್ರೆ. ಆದ್ರೆ ಸುಳ್ಳು ಹೇಳ್ಲಿಲ್ಲ ಅಂತ ಗೊತ್ತಾಯ್ತು," ಅಂದರು. ಸರ್ ಗೆದ್ದರು. ಮಂತ್ರಿಯೂ ಆದರು. ದರ್ಬೆಯಲ್ಲಿ ಅವರ ಮೆರವಣಿಗೆ ಹೋಗುವಾಗ ಬಾಪ ಅಂಗಡಿಗೆ ಬಾಗಿಲು ಹಾಕಿ, ಉಮ್ಮನನ್ನು ಕರೆದುಕೊಂಡು ಬಂದು ರಸ್ತೆ ಬದಿಯಲ್ಲಿ ನಿಂತಿದ್ದರು. ಹಾರದ ರಾಶಿಯೊಳಗಿಂದ ಸರ್ ಉಮ್ಮನನ್ನು ಕಂಡು ಕೈ ಮುಗಿದರು. ಉಮ್ಮ ವಾರಗಟ್ಟಲೆ ಅದನ್ನೇ ಹೇಳಿದರು.

ಅವರು ಮಂತ್ರಿಯಾದ ಎರಡನೆಯ ವರ್ಷ ನಮ್ಮ ಕಡೆಯ ಹೊಳೆಗಳಿಗೆ ಒಂದು ತೂಗುಸೇತುವೆ ಮಂಜೂರಾಯಿತು. ಒಂದೇ. ಎಲ್ಲಿ ಎಂದು ಹೇಳಬೇಕಾದವರು ಸರ್. ಅವರ ಊರಿನಲ್ಲಿ ಆಗಲೇ ಸಿಹಿ ಹಂಚಿ ಆಗಿತ್ತು. ಮಂತ್ರಿಯ ಊರು ಬಿಟ್ಟು ಸೇತುವೆ ಇನ್ನೆಲ್ಲಿಗೆ ಹೋಗುತ್ತದೆ? ಆದರೆ ಸರ್ ಪುತ್ತೂರಿನಲ್ಲಿ ಒಂದು ಸಭೆ ಕರೆದರು. ನನಗೂ ಉಮ್ಮನಿಗೂ ಬರಬೇಕೆಂದು ಹೇಳಿ ಕಳಿಸಿದರು.

ಸಭೆಯಲ್ಲಿ ಮುಂದಿನ ಸಾಲಿನಲ್ಲಿ ಅವರ ಸೋದರಮಾವ ಕುಳಿತಿದ್ದರು. ಆ ಮನೆತನದ ಯಜಮಾನರು. ಬಿಳಿ ಮೀಸೆ, ಹೆಗಲಿಗೆ ಶಲ್ಯ. ತಂದೆಯಿಲ್ಲದ ಸರ್ ಅವರನ್ನು ಓದಿಸಿ ಬೆಳೆಸಿದವರು ಅವರೇ. ಸರ್ ಹಳೆಯ ವರದಿಯನ್ನು ತೆರೆದು ಪಟ್ಟಿ ಓದಿದರು. ಮೊದಲ ಸೇತುವೆ ಕಡಬದ ಆಚೆಗೆ ಅಂದರು. ಸಭೆಯಲ್ಲಿ ಗೊಂದಲವಾಯಿತು.

ಮಾವ ಎದ್ದು ನಿಂತರು. "ಅಲ್ಲಿಯವರು ಓಟು ಹಾಕುದು ಬೇರೆ ಕ್ಷೇತ್ರದಲ್ಲಿ. ನಿನಗೆ ಒಂದು ಓಟು ಸಿಗುದಿಲ್ಲ. ಅದು ಗೊತ್ತುಂಟಾ?"

"ಗೊತ್ತುಂಟು ಮಾವ."

"ನಮ್ಮ ಊರಿನ ಮಕ್ಕಳೂ ಸಂಕದಲ್ಲೇ ಹೋಗುದು. ಅವರು ಮಕ್ಕಳಲ್ವಾ?"

ಸರ್ ವರದಿಯನ್ನು ಮುಚ್ಚಿ ಉಮ್ಮನ ಕಡೆ ತಿರುಗಿ, "ಅಮ್ಮಾ, ನೀವು ಅಲ್ಲಿ ಕಂಡದ್ದನ್ನು ಒಮ್ಮೆ ಹೇಳ್ತೀರಾ?" ಅಂದರು.

ನನ್ನ ಉಮ್ಮ ಗಂಡಸರ ಸಭೆಯಲ್ಲಿ ಅದುವರೆಗೆ ಕುಳಿತವರೂ ಅಲ್ಲ. ತಲೆಯ ಮೇಲಿನ ವಸ್ತ್ರವನ್ನು ಸರಿ ಮಾಡಿಕೊಂಡು ಎದ್ದರು. ಎಲ್ಲರಿಗೂ ತಿಳಿಯಲೆಂದು ತುಳುವಿನಲ್ಲಿ ಮಾತಾಡಿದರು. ಆ ಬಸುರಿಯ ಕತೆಯನ್ನು ಹೇಳಿದರು. ಮೂರು ದಿನ ಅವಳು ಯಾವ ಬಣ್ಣದ ಸೀರೆ ಉಟ್ಟು ಬಂದಿದ್ದಳು ಎಂಬುದೂ ಅವರಿಗೆ ನೆನಪಿತ್ತು. "ಮೂರನೆಯ ದಿನ ಅವಳು ನನ್ನ ಹತ್ರ ಬಂದು ನೀರು ಕೇಳಿದ್ಳು. ನಾನು ಕೊಟ್ಟೆ. ನಾಳೆ ನೀರು ಇಳೀತದೆ ಮಗಾ ಅಂತ ಹೇಳಿದೆ. ಇಳೀಲಿಲ್ಲ," ಎಂದು ಹೇಳಿ ಕುಳಿತುಬಿಟ್ಟರು.

ಮಾವ ಶಲ್ಯ ಕೊಡವಿ ಹೆಗಲಿಗೆ ಹಾಕಿಕೊಂಡು ಹೊರಗೆ ನಡೆದರು. ಸೇತುವೆ ಕಡಬದ ಆಚೆಗೆ ಹೋಯಿತು. ಅದರ ಮೇಲೆ ಮೊದಲ ಮಳೆಗಾಲದಲ್ಲಿ ಚಿಕ್ಕಮ್ಮನ ಮೊಮ್ಮಕ್ಕಳು ಒಂದು ದಿನವೂ ತಪ್ಪದೆ ಶಾಲೆಗೆ ಹೋದರು.

ಮುಂದಿನ ಚುನಾವಣೆಯಲ್ಲಿ ಸರ್ ಸೋತರು. ಅವರ ಊರಿನ ಬೂತಿನಲ್ಲಿ ಅವರಿಗೆ ಬಿದ್ದ ಓಟು ಎಷ್ಟು ಕಡಿಮೆ ಎಂದು ಕೇಳಿ ನಾನು ಅತ್ತೆ. ಅವರು ಬೆಂಗಳೂರಿನ ಮನೆ ಖಾಲಿ ಮಾಡಿ ಪುಸ್ತಕಗಳೊಂದಿಗೆ ಪುತ್ತೂರಿಗೆ ಬಂದು ಬಾಡಿಗೆ ಮನೆ ಹಿಡಿದರು. ಮಾವನ ಮನೆಗೆ ಹೋಗುವುದು ಬರುವುದು ನಿಂತಿತ್ತು. ವಾರಕ್ಕೆರಡು ದಿನ ನಮ್ಮ ಕಾಲೇಜಿನಲ್ಲಿ ಪಾಠ ಮಾಡಲು ಒಪ್ಪಿದರು.

ಆ ಹೊತ್ತಿಗೆ ನಾನು ಎಂ.ಫಿಲ್. ಮಾಡುತ್ತಿದ್ದೆ. ಅದಕ್ಕಾಗಿ ಹಳೆಯ ಸಮೀಕ್ಷೆಯ ಮೂಲ ಕಾಗದಗಳ ಕಟ್ಟನ್ನು ಬಿಚ್ಚಿದೆ. ಸರ್ ಅವರ ಊರಿನ ಕಡವಿನ ಕಾಗದಗಳು ಕೈಗೆ ಬಂದಾಗ ಏನೋ ವಿಚಿತ್ರ ಅನಿಸಿತು. ಎರಡೂ ವಾರ ಅಲ್ಲಿ ಬಳಸಿದ್ದು ಹಳೆಯ ಕಾಗದವೇ. ಹೊಸ ಕಾಲಮ್ಮಿನ ಕಾಗದ ಆ ಊರಿಗೆ ತಲುಪಿರಲೇ ಇಲ್ಲ. ಮರಳಿದವರನ್ನು ಅಲ್ಲಿ ಯಾರೂ ಎಣಿಸಿರಲಿಲ್ಲ. ಒಟ್ಟುಗೂಡಿಸುವಾಗ ನಾನು, ಆ ಇಪ್ಪತ್ತು ವರ್ಷದ ಹುಡುಗಿ, ಒಟ್ಟು ಪಟ್ಟಿಯಲ್ಲಿ ಆ ಊರಿಗೆ ಖಾಲಿ ಉಳಿದ ಜಾಗದಲ್ಲಿ ಸೊನ್ನೆ ಬರೆದಿದ್ದೆ. ಎಣಿಸಿಲ್ಲ ಎಂಬುದಕ್ಕೂ ಯಾರೂ ಇಲ್ಲ ಎಂಬುದಕ್ಕೂ ಇರುವ ವ್ಯತ್ಯಾಸವನ್ನು ಆಗ ನಾನು ತಿಳಿದಿರಲಿಲ್ಲ. ಬೇರೆ ಕಡವುಗಳ ಸರಾಸರಿ ಹಿಡಿದು ಲೆಕ್ಕ ಹಾಕಿದರೆ ಆ ಊರು ನಾಲ್ಕನೆಯದಲ್ಲ, ಎರಡನೆಯದು. ಮೊದಲನೆಯದು ಬದಲಾಗುತ್ತಿರಲಿಲ್ಲ, ನಿಜ. ಆದರೆ ನಿಮ್ಮ ಸರದಿ ಬಹಳ ಹಿಂದೆ ಎಂದು ಆ ಜನರಿಗೆ ಹೇಳಿದ್ದು ತಪ್ಪಾಗಿತ್ತು.

ಎರಡು ದಿನ ಕಾಗದ ಮುಚ್ಚಿಟ್ಟು ತಿರುಗಾಡಿದೆ. ಯಾರಿಗೂ ಗೊತ್ತಾಗುತ್ತಿರಲಿಲ್ಲ. ಮೂರನೆಯ ದಿನ ಸ್ಟಾಫ್ ರೂಮಿನಲ್ಲಿ ಅವರ ಮುಂದೆ ಇಟ್ಟೆ. ಅವರು ಕನ್ನಡಕ ಹಾಕಿಕೊಂಡು ನಿಧಾನವಾಗಿ ನೋಡಿದರು.

"ಹೌದು. ತಪ್ಪಾಗಿದೆ," ಅಂದರು.

"ನನ್ನ ತಪ್ಪು ಸರ್. ಇದರಿಂದಲೇ ನೀವು..."

"ವರದಿಯ ಮೇಲೆ ಹೆಸರು ಯಾರದ್ದು?"

"ನಿಮ್ಮದು."

"ಮತ್ತೆ? ಸಹಿ ಹಾಕುವ ಮೊದಲು ನೋಡಬೇಕಾದವ ನಾನು." ಕಾಗದಗಳನ್ನು ಜೋಡಿಸಿಡುತ್ತ ಕೇಳಿದರು, "ನಾಳೆ ಪುರುಸೊತ್ತು ಉಂಟಾ? ಮಾವನ ಮನೆಗೆ ಹೋಗುವಾ."

ಮರುದಿನ ಬೆಳಿಗ್ಗೆ ಬೆಟ್ಟಂಪಾಡಿಯ ಬಸ್ಸು ಹತ್ತಿದೆವು. ಮಾವ ಚಾವಡಿಯಲ್ಲಿ ಪೇಪರ್ ಓದುತ್ತಿದ್ದರು. ನಮ್ಮನ್ನು ಕಂಡು ಎದ್ದೇಳಲಿಲ್ಲ. ಸರ್ ನಿಂತೇ ವಿಷಯ ಹೇಳಿದರು. ಅವರು ಮುಗಿಸುವ ಮೊದಲೇ ನಾನು, "ಕೂಡಿಸಿದ್ದು ನಾನು ಧಣಿಗಳೇ. ಸೊನ್ನೆ ಬರೆದದ್ದು ನನ್ನ ಕೈ," ಅಂದೆ.

ಮಾವ ಪೇಪರ್ ಮಡಚಿದರು. ನನ್ನನ್ನೊಮ್ಮೆ, ಅಳಿಯನನ್ನೊಮ್ಮೆ ನೋಡಿದರು.

"ಸೋತ ಮೇಲೆ ಇದನ್ನು ಹೇಳ್ಲಿಕ್ಕೆ ಯಾರಾದ್ರೂ ಬರ್ತಾರಾ ಮಾರಾಯ? ನಿನ್ನನ್ನು ಸೋಲಿಸಿದವರು ನಗುದಿಲ್ವಾ?"

"ನಗಲಿ ಮಾವ. ಲೆಕ್ಕ ಸರಿಯಾಗ್ಬೇಕಲ್ಲ."

ಮಾವ ಒಳಗೆ ತಿರುಗಿ, "ಯಾರಲ್ಲಿ, ಎರಡು ಎಲೆ ಜಾಸ್ತಿ ಹಾಕಿ. ಊಟಕ್ಕೆ ಇದ್ದಾರೆ," ಎಂದು ಕೂಗಿದರು. ನಂತರ ನನ್ನ ಹತ್ತಿರ, "ಅವತ್ತು ಮಾತಾಡಿದ್ದು ನಿನ್ನ ತಾಯಿಯಾ? ಮನೆಗೆ ಬಂದು ನಾನು ಎರಡು ದಿನ ಸರಿ ನಿದ್ದೆ ಮಾಡ್ಲಿಲ್ಲ," ಅಂದರು.

ಆ ವಾರ ಸರ್ ಪತ್ರಿಕೆಗೆ ಒಂದು ಪತ್ರ ಬರೆದರು. ತಮ್ಮ ವರದಿಯಲ್ಲಿ ಇಂಥ ತಪ್ಪಿದೆ, ತಾವೇ ಹೊಣೆ, ಸರಿಯಾದ ಪಟ್ಟಿ ಹೀಗಿದೆ ಎಂದು. ನನ್ನ ಹೆಸರು ಎಲ್ಲೂ ಇರಲಿಲ್ಲ. ಕೆಲವರು ನಕ್ಕರು. ಬಸ್ ಸ್ಟ್ಯಾಂಡಿನಲ್ಲಿ ಒಬ್ಬರು ನನ್ನೆದುರಿಗೇ, "ಲೆಕ್ಕ ಬಾರದವರು ಮಂತ್ರಿ ಆಗಿದ್ರು," ಅಂದಾಗ ನಾನು ಅವರ ಹತ್ತಿರ ಹೋಗಿ, ಲೆಕ್ಕ ತಪ್ಪಿಸಿದವಳು ನಾನು, ಒಪ್ಪಿಕೊಂಡವರು ಅವರು ಎಂದು ಜಗಳವಾಡಿದೆ. ಉಪನ್ಯಾಸಕಿಯೊಬ್ಬಳು ಬಸ್ ಸ್ಟ್ಯಾಂಡಿನಲ್ಲಿ ಜಗಳವಾಡಿದ ಸುದ್ದಿ ನಾನು ಮನೆಗೆ ತಲುಪುವ ಮೊದಲೇ ಕುಂಬ್ರಕ್ಕೆ ತಲುಪಿತ್ತು. ಬಾಪ ಬೈಯಲಿಲ್ಲ.

ಆ ಪತ್ರವನ್ನು ಹಿಡಿದುಕೊಂಡು ಸರ್ ಅವರ ಊರಿನವರು ಹೊಸ ಶಾಸಕರ ಹತ್ತಿರ ಹೋದರು. ತಮ್ಮ ಎದುರಾಳಿಯೇ ಬರೆದುಕೊಟ್ಟ ಕಾಗದ ಆದ್ದರಿಂದ ಅವರಿಗೂ ಬೇಡ ಅನ್ನಲಾಗಲಿಲ್ಲ. ಎರಡು ವರ್ಷದಲ್ಲಿ ಅಲ್ಲಿಯೂ ಕಾಲುಸೇತುವೆ ಆಯಿತು. ಉದ್ಘಾಟನೆಯ ಆಮಂತ್ರಣದಲ್ಲಿ ಸರ್ ಹೆಸರಿರಲಿಲ್ಲ. ಊರಿನ ಹಿರಿಯರೆಂದು ಮಾವನಿಗೆ ವೇದಿಕೆಯಲ್ಲಿ ಕುರ್ಚಿ ಹಾಕಿದ್ದರು. ಅವರು ಆ ಕುರ್ಚಿ ಬಿಟ್ಟು ಇಳಿದು ಬಂದು, ಜನರ ನಡುವೆ ನಿಂತಿದ್ದ ಅಳಿಯನ ಪಕ್ಕದಲ್ಲಿ ಕಾರ್ಯಕ್ರಮ ಮುಗಿಯುವವರೆಗೆ ನಿಂತರು. ಎಂಬತ್ತರ ಹತ್ತಿರದ ಮುದುಕರು.

ಭಾಷಣಗಳೆಲ್ಲ ಮುಗಿದು ಜನ ಸೇತುವೆಗೆ ನುಗ್ಗಿದಾಗ ಸರ್ ನನ್ನನ್ನು ಕರೆದರು. "ಬಾ, ಅಗಲ ಸಾಕಾ ನೋಡುವಾ. ತಲೆಹೊರೆಯವರು ಇಬ್ಬರು ಎದುರುಬದುರು ಬಂದರೆ ದಾಟ್ಲಿಕ್ಕೆ ಆಗ್ಬೇಕು." ಆಚೆಯಿಂದ ಹುಲ್ಲಿನ ಹೊರೆ ಹೊತ್ತ ಹೆಂಗಸೊಬ್ಬಳು ಬರುತ್ತಿದ್ದಳು. ನಮ್ಮ ಊರಿನ ಮಾಜಿ ಮಂತ್ರಿಗಳು ಬದಿಯ ಕಂಬಿಗೆ ಒತ್ತಿ ನಿಂತು ಅವಳಿಗೆ ದಾರಿ ಬಿಟ್ಟರು. ಅವಳು ಯಾರನ್ನೂ ನೋಡದೆ ಸರಸರನೆ ದಾಟಿ ಹೋದಳು.

"ಸಾಕು," ಅಂದರು ಸರ್.